ಕಟಕಟೆಯಲ್ಲಿ ನಿಂತ ಹೋರಿ

"ಸೂಜಿ ಕೆಳಗಿಡಿ ಡಾಕ್ಟ್ರೇ!"

ಇನ್ಸ್‌ಪೆಕ್ಟರಮ್ಮನ ಕೂಗಿಗೆ ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ದೊಡ್ಡ ಡಾಕ್ಟರು ಮಾತ್ರ ತಿರುಗಿ ನೋಡಲಿಲ್ಲ. ಎಡಗೈಯಲ್ಲಿ ಔಷಧದ ಸೀಸೆ, ಬಲಗೈಯಲ್ಲಿ ಹೆಬ್ಬೆರಳು ಗಾತ್ರದ ಸಿರಿಂಜು. ಅವರ ಮುಂದೆ, ಕಬ್ಬಿಣದ ಸರಳುಗಳ ಕಟಕಟೆಯೊಳಗೆ, ನಾಲ್ಕೂ ಕಡೆಯಿಂದ ಹಗ್ಗ ಬಿಗಿಸಿಕೊಂಡು ಹೋರಿ ನಿಂತಿತ್ತು. ಅದರ ಹೆಸರು ದೊರೆ. ಮೈಯೆಲ್ಲ ಕಪ್ಪು, ಹಣೆಯಲ್ಲಿ ಅಂಗೈಯಗಲ ಬಿಳಿ.

"ನಿಮಗೇ ಹೇಳ್ತಿರೋದು. ಸೂಜಿ ಕೆಳಗೆ."

"ಇದು ನನ್ನ ಕೇಂದ್ರ," ಡಾಕ್ಟರು ಸೀಸೆಯ ಮೇಲಿಂದ ಕಣ್ಣು ತೆಗೆಯದೆ ಅಂದರು. "ಮನುಷ್ಯನ್ನ ತುಳಿದು ಕೊಂದ ಪ್ರಾಣಿ ಇದು. ಒಮ್ಮೆ ರಕ್ತ ಕಂಡ ಹೋರಿ ಎರಡನೇ ಸಲ ಹಿಂದೆಮುಂದೆ ನೋಡಲ್ಲ. ನಾಳೆ ಇದರ ಹಗ್ಗ ಯಾರು ಹಿಡೀತಾರೆ? ನೀವು ಹಿಡೀತೀರಾ?"

"ಹಿಡೀತೀನಿ. ಆದರೆ ಮೊದಲು ನಿಮ್ಮ ಕೈ ಹಿಡೀತೀನಿ."

ಹೇಳಿದಂತೆಯೇ ಮಾಡಿದಳು. ಅವರ ಮಣಿಕಟ್ಟನ್ನು ಹಿಡಿದು, ಸಿರಿಂಜನ್ನು ಕಿತ್ತು, ಹಿಂದೆ ನಿಂತಿದ್ದ ಪೇದೆಯ ಕೈಗಿತ್ತಳು. ಠಾಣೆಯವರು ಬೆನ್ನ ಹಿಂದೆ ಈಕೆಯನ್ನು ಸಿಡಿಮದ್ದು ಅನ್ನುತ್ತಿದ್ದುದು ಸುಮ್ಮನೆ ಅಲ್ಲ.

ಹೋರಿಗಳಿಂದ ವೀರ್ಯ ತೆಗೆದು, ಪರೀಕ್ಷಿಸಿ, ಹೆಪ್ಪುಗಟ್ಟಿಸಿ, ಊರೂರಿನ ಹಸುಗಳಿಗೆ ಕಳಿಸುವ ಈ ಕೇಂದ್ರದಲ್ಲಿ ಹೋರಿಗಳನ್ನು ನೋಡಿಕೊಳ್ಳುತ್ತಿದ್ದ ಮೂಗುದಾರದಣ್ಣ ಮೊನ್ನೆ ಸತ್ತದ್ದು ಇದೇ ದೊರೆಯ ಕಾಲಡಿಯಲ್ಲಿ. ಹೋರಿಗೆ ಹುಚ್ಚು ಹಿಡಿಯಿತು, ಅವನ ಆಯುಸ್ಸು ಮುಗಿಯಿತು ಎಂದು ಎಲ್ಲರೂ ಕೈತೊಳೆದುಕೊಂಡಿದ್ದರು, ಅವನ ಹೆಂಡತಿಯೊಬ್ಬಳನ್ನು ಬಿಟ್ಟು.

"ಶವ ಪರೀಕ್ಷೆ ಮಾಡಿದ ಡಾಕ್ಟರು ಈಗ ಫೋನ್ ಮಾಡಿದ್ರು," ಇನ್ಸ್‌ಪೆಕ್ಟರಮ್ಮ ಸುತ್ತ ನೆರೆದಿದ್ದ ಕೆಲಸದವರಿಗೆಲ್ಲ ಕೇಳಿಸುವಂತೆ ಹೇಳಿದಳು. "ಪಕ್ಕೆಲುಬು ಮುರಿದಿದೆ, ಅದು ಹೋರಿಯದೇ ಕೆಲಸ. ಆದರೆ ಅವನ ಬಲಗೈ ಮೊಣಕೈಯಿಂದ ಬೆರಳಿನ ತನಕ ಸುಟ್ಟು ಬೊಬ್ಬೆ ಎದ್ದಿದೆ. ತಿವಿಯೋ ಹೋರಿ ಕಂಡಿದ್ದೀನಿ. ತುಳಿಯೋ ಹೋರಿ ಕಂಡಿದ್ದೀನಿ. ಕೈ ಸುಡೋ ಹೋರಿ ನಾನಂತೂ ಕಂಡಿಲ್ಲ."



"ನಾನು ಬಾಯಿ ಬಾಯಿ ಬಡ್ಕೊಂಡೆನಲ್ಲ!" ಜನರ ಹಿಂದಿನಿಂದ ಒಂದು ದನಿ ಸೀಳಿಕೊಂಡು ಬಂತು. "ಕೇಳಿದ್ರಾ ಯಾರಾದ್ರೂ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಪಾಡು!"

ಸತ್ತವನ ಹೆಂಡತಿ. ಗಂಡ ಹೋರಿಯ ಮೂಗುದಾರ ಹಿಡಿದರೆ, ವೀರ್ಯ ಹಿಡಿಯುವ ರಬ್ಬರ್ ಕೊಳವೆ ಹಿಡಿಯುತ್ತಿದ್ದವಳು ಇವಳು. ಅದಕ್ಕೇ ಅವನು ಮೂಗುದಾರದಣ್ಣ, ಇವಳು ಕೊಳವೆಯಕ್ಕ. ಅತ್ತು ಅತ್ತು ಅವಳ ಮುಖ ಊದಿತ್ತು. ಆದರೆ ಈಗ ಆ ಮುಖದಲ್ಲಿ ಅಳು ಇರಲಿಲ್ಲ.

"ಕರುವಾಗಿದ್ದಾಗಿಂದ ಸಾಕಿದ್ದು ಅವರು ಇದನ್ನ. ಅವರು ಊಟಕ್ಕೆ ಕೂತರೂ ಕತ್ತೆತ್ತಿ ಹುಡುಕ್ತಿತ್ತು. ಅದು ಅವರನ್ನ ತುಳೀತು ಅಂದ್ರೆ, ತುಳಿಯೋ ಹಾಗೆ ಯಾರೋ ಮಾಡಿದ್ದಾರೆ."

ಇನ್ಸ್‌ಪೆಕ್ಟರಮ್ಮ ಡಾಕ್ಟರ ಕಡೆ ತಿರುಗಿದಳು. "ಅವನ ಕೈ ಯಾವುದರಿಂದ ಸುಟ್ಟಿತೋ ಅದೇ ಹೋರಿಯನ್ನೂ ಸುಟ್ಟಿರಬೇಕು. ಪರೀಕ್ಷೆ ಮಾಡಿ."

"ನಾನಾ?"

"ನೀವೇ. ಹೊರಗಿನವರನ್ನ ಕರೆಸಿದರೆ ನಾಳೆ ಅವರ ಮಾತು ಸುಳ್ಳು ಅಂತೀರಿ. ನಿಮ್ಮ ಬಾಯಿಂದಲೇ ಬರಲಿ."

ದೊರೆಯ ಹತ್ತಿರ ಹೋಗುವುದೇ ಕಷ್ಟವಾಗಿತ್ತು. ಡಾಕ್ಟರು ಬಗ್ಗಿದ್ದೇ ತಡ, ಹಿಂಗಾಲು ಸರಳಿಗೆ ಬಡಿದು ಕಟಕಟೆಯೆಲ್ಲ ಝಣಝಣ ಅಂದಿತು. ಮೂಗಿನಿಂದ ಬುಸುಗುಡುತ್ತ, ಕಟ್ಟಿದ ಹಗ್ಗವನ್ನೇ ಜಗ್ಗತೊಡಗಿತು. ಕೊಳವೆಯಕ್ಕ ಜನರನ್ನು ತಳ್ಳಿಕೊಂಡು ಬಂದು ಅದರ ಕತ್ತಿಗೆ ಕೈಹಾಕಿದಳು.

"ಏಯ್, ನಿಲ್ಲೋ! ನಿನ್ನ ಜೀವ ಉಳಿಸೋಕೇ ಒದ್ದಾಡ್ತಿದೀವಿ, ನಮಗೇ ಒದೀತೀಯಾ?" ಬೈಯುತ್ತಲೇ ಅದರ ಕತ್ತಿನಡಿ ಜೋಲುವ ಗಂಗೆದೊಗಲನ್ನು ಕೆಳಗಿನಿಂದ ಮೇಲಕ್ಕೆ ನೀವಿದಳು. "ಅವರನ್ನ ತಿಂದುಕೊಂಡೆ. ಇನ್ನೇನು ಬೇಕು ನಿನಗೆ? ಹ್ಞಾಂ? ಬಾಯಿ ಬಿಟ್ಟು ಹೇಳೋಕೆ ಬರಲ್ಲ ನಿನಗೆ, ನನಗೆ ಬಂದ್ರೂ ಯಾರೂ ಕೇಳಲ್ಲ. ನಿಲ್ಲು. ಹಾಗೇ ನಿಲ್ಲು."

ಬೈಗುಳ ಮುಗಿಯುವ ಹೊತ್ತಿಗೆ ದೊರೆ ತಲೆ ತಗ್ಗಿಸಿತ್ತು.

ಡಾಕ್ಟರು ನೆಲಕ್ಕೆ ಮಂಡಿಯೂರಿದರು. ಟಾರ್ಚು ಹೊತ್ತಿಸಿ, ಹೊಟ್ಟೆಯಡಿಯ ಜನನಾಂಗದ ಒರೆಯನ್ನು ಬೆರಳಿಂದ ಮೆಲ್ಲನೆ ಹಿಂದೆ ಸರಿಸಿದರು. ಹೋರಿ ಒಮ್ಮೆ ಅಡಿಯಿಂದ ಮುಡಿಯವರೆಗೆ ನಡುಗಿತು. ಅವರು ನೋಡಿದರು. ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದು ಮತ್ತೆ ನೋಡಿದರು.

ಎದ್ದು ನಿಂತಾಗ ಅವರ ಮುಖದ ಬಣ್ಣ ಬದಲಾಗಿತ್ತು.

"ಹೇಳಿ."

"ಸುಟ್ಟಿದೆ." ಟಾರ್ಚು ಆರಿಸಿದರು. "ಒಳಗಿನ ಮೆದು ಚರ್ಮವೆಲ್ಲ ಸುಲಿದುಹೋಗಿದೆ. ಕೀವು ತುಂಬ್ತಿದೆ. ಕುದಿಯೋ ನೀರಿನದೇ ಗಾಯ ಇದು."

"ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ," ಇನ್ಸ್‌ಪೆಕ್ಟರಮ್ಮ ಹಲ್ಲು ಕಚ್ಚಿ ಅಂದಳು. "ಇಲ್ಲಿ ಹೋರಿಗೆ ಬರೆ ಹಾಕಿ ಮನುಷ್ಯನ್ನ ಕೊಂದಿದ್ದಾರೆ. ನೀವು ಆ ಹೋರಿಯನ್ನೇ ಕೊಂದು, ಸುಟ್ಟು ಬೂದಿ ಮಾಡೋಕೆ ಹೊರಟಿದ್ರಿ."

"ನನಗೆ ಗೊತ್ತಿರಲಿಲ್ಲ!"

"ಗೊತ್ತು ಮಾಡಿಕೊಳ್ಳೋದು ನಿಮ್ಮ ಕೆಲಸ ಆಗಿತ್ತು. ಕೆಲಸ ಮಾಡದೆ ಸೂಜಿ ತಂದ್ರಿ. ಮೊದಲು ಅದರ ಗಾಯಕ್ಕೆ ಔಷಧ ಹಾಕಿ. ಆಮೇಲೆ ಲ್ಯಾಬಿಗೆ ಬನ್ನಿ."

ಅವರು ಔಷಧ ಹಚ್ಚಿದರು. ಕೊಳವೆಯಕ್ಕ ಅಷ್ಟು ಹೊತ್ತೂ ದೊರೆಯ ಕತ್ತು ಬಿಡಲಿಲ್ಲ, ಡಾಕ್ಟರ ನೆತ್ತಿಯ ಮೇಲಿಂದ ಕಣ್ಣೂ ತೆಗೆಯಲಿಲ್ಲ. ಆ ನೋಟಕ್ಕೆ ಹಲ್ಲಿದ್ದಿದ್ದರೆ ಕಚ್ಚಿಯೇಬಿಡುತ್ತಿತ್ತು.

* * *

ಲ್ಯಾಬು ಉದ್ದನೆಯ ಕೋಣೆ. ಬಿಳಿ ಟೈಲ್ಸ್ ಗೋಡೆ, ಕಿಟಕಿಯ ಕೆಳಗೆ ಮೈಕ್ರೋಸ್ಕೋಪು, ಮೂಲೆಯಲ್ಲಿ ಕೊಳವೆಗಳನ್ನು ಬೆಚ್ಚಗಿಡುವ ಗಾಜಿನ ಕಪಾಟು. ಪೊಲೀಸರು ಮುದ್ರೆ ಹಾಕಿ ಇಟ್ಟಿದ್ದ ಚೀಲದಿಂದ ಇನ್ಸ್‌ಪೆಕ್ಟರಮ್ಮ ಆ ದಿನದ ಕೊಳವೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಹೋರಿಯ ತುಳಿತಕ್ಕೆ ಅದು ಚಪ್ಪಟೆಯಾಗಿತ್ತು.

"ಇದು ಹೇಗೆ ಕೆಲಸ ಮಾಡುತ್ತೆ? ನನಗೆ ಅರ್ಥ ಆಗೋ ಹಾಗೆ ಹೇಳಿ."

ಪಾಠ ಹೇಳುವ ಅವಕಾಶ ಸಿಕ್ಕಿದ್ದಕ್ಕೆ ಡಾಕ್ಟರಿಗೆ ಸ್ವಲ್ಪ ಜೀವ ಬಂದಂತಾಯಿತು. "ಹೊರಗೆ ಗಟ್ಟಿ ರಬ್ಬರು. ಒಳಗೆ ಮೆದು ರಬ್ಬರಿನ ಚೀಲ. ಎರಡರ ನಡುವೆ ಬಿಸಿನೀರು ತುಂಬ್ತೀವಿ, ಮೈಶಾಖಕ್ಕಿಂತ ತುಸು ಹೆಚ್ಚು. ತಣ್ಣಗಿದ್ದರೆ ಹೋರಿ ಒಪ್ಪಲ್ಲ. ತುದಿಗೆ ಗಾಜಿನ ನಳಿಕೆ. ಹೋರಿ ಮುಂದೆ ನಿಲ್ಲಿಸಿದ ಇನ್ನೊಂದು ಹೋರಿಯ ಬೆನ್ನೇರುತ್ತೆ. ಆ ಕ್ಷಣಕ್ಕೆ ಪಕ್ಕದಲ್ಲಿ ನಿಂತವರು ಕೊಳವೆ ಒಡ್ಡಬೇಕು. ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತೆ. ವೀರ್ಯ ನಳಿಕೆಗೆ ಬೀಳುತ್ತೆ."

"ಬಿಸಿನೀರಿನ ಬದಲು ಕುದಿಯೋ ನೀರಿದ್ದರೆ?"

ಡಾಕ್ಟರು ಚಪ್ಪಟೆಯಾದ ಕೊಳವೆಯನ್ನು ಮೇಜಿನ ಮೇಲೆ ದೂರ ತಳ್ಳಿದರು.

"ನಾನು ಹೇಳ್ತೀನಿ," ಇನ್ಸ್‌ಪೆಕ್ಟರಮ್ಮ ಒಳಚೀಲವನ್ನು ಎತ್ತಿ ಬೆಳಕಿಗೆ ಹಿಡಿದಳು. ಅದು ಸುಕ್ಕುಗಟ್ಟಿ, ಉದ್ದಕ್ಕೂ ಬಿರಿದಿತ್ತು. "ಹೋರಿ ನುಗ್ಗುತ್ತೆ. ಬೆಂದುಹೋಗುತ್ತೆ. ಚೀಲ ಒಡೆದು ನೀರು ಹಿಡಿದವನ ಕೈಮೇಲೆ ಸುರಿಯುತ್ತೆ. ನೋವಿಗೆ ಹೋರಿ ಎದುರಿಗೆ ಸಿಕ್ಕಿದ್ದನ್ನ ತುಳಿಯುತ್ತೆ. ಕತ್ತಿ ಇಲ್ಲ, ಬಂದೂಕು ಇಲ್ಲ. ಒಂದು ಚೊಂಬು ನೀರು. ಅಪರಾಧಿ ಕಟಕಟೆಯಲ್ಲಿ ನಿಂತಿರೋ ಮೂಕಪ್ರಾಣಿ. ಈಗ ಹೇಳಿ, ಮೂಗುದಾರದಣ್ಣ ಸತ್ತರೆ ಲಾಭ ಯಾರಿಗೆ?"

"ನನ್ನನ್ನ ಯಾಕೆ ಕೇಳ್ತೀರಿ?"

"ನಾನು ಯಾರ ಹೆಸರೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ನೀವೇ ಹೆಗಲು ಮುಟ್ಟಿ ನೋಡ್ಕೊಂಡ್ರಿ."

"ಅವರ ಜೊತೆ ಜಗಳ ಆಡಿದ್ದು ಇವರೇ ಮೇಡಂ!" ಬಾಗಿಲಲ್ಲಿ ನಿಂತಿದ್ದ ಕೊಳವೆಯಕ್ಕ ಒಳಗೆ ನುಗ್ಗಿದಳು. "ದೊರೆಯ ವೀರ್ಯ ತಗೊಂಡ ಹಸುಗಳು ಕಂದು ಹಾಕ್ತಿವೆ ಅಂತ ಅವರಿಗೆ ಸುದ್ದಿ ಬಂತು. ಒಂದಲ್ಲ, ಎರಡಲ್ಲ. ತುಂಬಿದ ಹಸುಗಳು, ಈಯೋಕೆ ಇನ್ನೇನು ಬಂತು ಅನ್ನೋವಾಗ ಸತ್ತ ಕರು ಹಾಕೋದು. ಒಬ್ಬ ಮುದುಕ ಸತ್ತ ಕರುವನ್ನ ಗೋಣಿಯಲ್ಲಿ ಕಟ್ಟಿಕೊಂಡು ಬಂದು ನಮ್ಮ ಗೇಟಿನ ಮುಂದೆ ಇಟ್ಟು ಹೋದ. ಅವತ್ತಿಂದ ನನ್ನ ಗಂಡನಿಗೆ ನಿದ್ದೆ ಇರಲಿಲ್ಲ. ದೊರೆಗೆ ರೋಗ ಇದೆಯೋ ಇಲ್ಲವೋ ಹೊರಗಡೆ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಅದರ ವೀರ್ಯ ಕಳಿಸಬೇಡಿ ಅಂತ ಕೈಮುಗಿದು ಕೇಳಿದ್ರು. ಇವರು ಏನಂದ್ರು ಗೊತ್ತಾ? 'ಹಗ್ಗ ಹಿಡಿಯೋನಿಗೆ ಹಗ್ಗದಷ್ಟೇ ಬುದ್ಧಿ ಇರಬೇಕು' ಅಂದ್ರು!"

"ಅಂದೆ!" ಡಾಕ್ಟರು ಮೇಜಿಗೆ ಗುದ್ದಿದರು. "ಅಂದೆ, ಯಾಕಂದ್ರೆ ಅದು ಸುಳ್ಳು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ! ಹಸು ಕಂದು ಹಾಕೋಕೆ ನೂರು ಕಾರಣ ಇರುತ್ತೆ. ಈ ಕೇಂದ್ರವನ್ನ ಕಟ್ಟೋಕೆ ನನ್ನ ಕೂದಲು ಬೆಳ್ಳಗಾಯ್ತು. ದೊರೆಯ ಮೇಲೆ ನಿಂತಿದೆ ಇದರ ಹೆಸರು. ಒಂದು ಗಾಳಿಸುದ್ದಿಗೆ ಅದನ್ನ ಕೆಡವಬೇಕಾ? ನೋಡಿ ಬೇಕಾದ್ರೆ, ನಿಮ್ಮ ಕಣ್ಣಿಂದಲೇ ನೋಡಿ. ಯಾರಲ್ಲಿ? ದೊರೆಯ ಹೆಪ್ಪುಗಟ್ಟಿದ ವೀರ್ಯದ ಒಂದು ನಳಿಕೆ ತನ್ನಿ!"

ತಂದವಳು ಸತ್ತವನ ಮಗಳು. ಹೆಪ್ಪುಗಟ್ಟಿದ ವೀರ್ಯವನ್ನು ದ್ರವ ನೈಟ್ರೋಜನ್ ತುಂಬಿದ ಡಬ್ಬಿಗಳಲ್ಲಿ ಇಡುವ ನೈಟ್ರೋಜನ್ ಕೋಣೆ ಅವಳ ಸುಪರ್ದಿನಲ್ಲಿತ್ತು. ಮದುವೆಯ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಅಪ್ಪನ ಮಣ್ಣು ಆರುವ ಮೊದಲೇ ಕೆಲಸಕ್ಕೆ ಬಂದಿದ್ದಕ್ಕೆ ತಾಯಿ ಅವಳೊಡನೆ ಮಾತು ಬಿಟ್ಟಿದ್ದಳು. ದಪ್ಪ ಕೈಗವಸು ತೊಟ್ಟ ಕೈಯಿಂದ, ಇಕ್ಕುಳದಲ್ಲಿ ಹಿಡಿದು ತಂದ ಕಡ್ಡಿಯಂಥ ನಳಿಕೆಯನ್ನು ಅವಳು ಬೆಚ್ಚನೆ ನೀರಿಗೆ ಬಿಟ್ಟಳು.

ಹೆಪ್ಪು ಕರಗಿತು. ಡಾಕ್ಟರು ನಳಿಕೆಯ ತುದಿ ಕತ್ತರಿಸಿ, ಬೆಚ್ಚಗಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮೈಕ್ರೋಸ್ಕೋಪನ್ನು ಸರಿಮಾಡಿ ಪಕ್ಕಕ್ಕೆ ಸರಿದರು.

ಇನ್ಸ್‌ಪೆಕ್ಟರಮ್ಮ ಕಣ್ಣಿಟ್ಟಳು. ಮೊದಲು ಬರೀ ಬೆಳಕು. ಆಮೇಲೆ ಆ ಬೆಳಕು ಅಲುಗಾಡತೊಡಗಿತು. ಸಣ್ಣ ಸಣ್ಣ ಬಾಲದ ಜೀವಗಳು, ಜಾತ್ರೆಗೆ ಹೊರಟವರಂತೆ, ಒಂದನ್ನೊಂದು ನೂಕಿಕೊಂಡು ಒಂದೇ ಗುರಿ ಇದ್ದಂತೆ ಓಡುತ್ತಿದ್ದವು.

"ಎಷ್ಟು ಚುರುಕು ನೋಡಿ," ಡಾಕ್ಟರ ದನಿಯಲ್ಲಿ ತಂದೆಯ ಹೆಮ್ಮೆಯಿತ್ತು. "ಎಲ್ಲ ನೇರ ಈಜ್ತಿವೆ. ಬಾಲ ಸೊಟ್ಟ ಇಲ್ಲ, ತಲೆ ಸೊಟ್ಟ ಇಲ್ಲ. ಅಷ್ಟು ಚಳಿಯಲ್ಲಿ ಇಟ್ಟು ತೆಗೆದರೂ ಅರ್ಧಕ್ಕಿಂತ ಹೆಚ್ಚು ಬದುಕಿವೆ. ಇದು ರೋಗಿ ಹೋರಿಯ ವೀರ್ಯವೇ?"

ಅವಳು ಕಣ್ಣೆತ್ತದೆ ಕೇಳಿದಳು. "ಇವು ಓಡ್ತಿವೆ ಅಂದ್ರೆ ಇವುಗಳ ಜೊತೆ ರೋಗದ ಕ್ರಿಮಿ ಓಡ್ತಿಲ್ಲ ಅಂತಾನಾ?"

ಡಾಕ್ಟರು ಕತ್ತರಿಸಿದ ನಳಿಕೆಯನ್ನು ಎತ್ತಿ ತಟ್ಟೆಗೆ ಹಾಕಿದರು.

"ಡಾಕ್ಟ್ರೇ, ಕೇಳ್ತಿದೀನಿ. ಆ ಕ್ರಿಮಿ ಇದರಲ್ಲಿ ಕಾಣುತ್ತಾ?"

"ಇದರಲ್ಲಿ ಕಾಣಲ್ಲ. ಅದಕ್ಕೆ ರಕ್ತ ಪರೀಕ್ಷೆ ಬೇಕು. ವೀರ್ಯವನ್ನ ಬೇರೆ ಥರ ಬೆಳೆಸಿ ನೋಡಬೇಕು."

"ಮಾಡಿಸಿದ್ರಾ?"

"ವರ್ಷಕ್ಕೆರಡು ಸಲ ಮಾಡಿಸಬೇಕು..."

"ಮಾಡಿಸಬೇಕು ಅನ್ನೋದು ನನಗೂ ಗೊತ್ತು. ಮಾಡಿಸಿದ್ರಾ?"

ಡಾಕ್ಟರು ಕಿಟಕಿಯ ಕಡೆ ನೋಡಿದರು. "ಈ ಸಲ ಮಾಡಿಸಲಿಲ್ಲ."

ಕೊಳವೆಯಕ್ಕನ ಬಾಯಿಂದ ಹೊರಟದ್ದು ಮಾತಲ್ಲ. ಮೇಜಿನ ಮೇಲಿದ್ದ ಗಾಜಿನ ಪಾತ್ರೆ ಡಾಕ್ಟರ ಕಿವಿಯ ಪಕ್ಕದಲ್ಲೇ ಹಾರಿ ಹೋಗಿ ಟೈಲ್ಸ್ ಗೋಡೆಗೆ ಬಡಿದು ಚೂರಾಯಿತು. ಪೇದೆ ಓಡಿಬಂದು ಅವಳ ಎರಡೂ ರಟ್ಟೆ ಹಿಡಿದ.

"ಬಿಡೋ ನನ್ನ! ಹೆಸರಂತೆ ಹೆಸರು! ಆ ಹೆಸರಿಗೆ ನನ್ನ ಗಂಡನ್ನ ಬಲಿ ಕೊಟ್ಟ ಇವನು!"

"ನಾನು ಹಠ ಮಾಡಿದ್ದು ನಿಜ," ಡಾಕ್ಟರೂ ಅಷ್ಟೇ ಜೋರಾಗಿ ಕೂಗಿದರು. "ಅಹಂಕಾರ ಅನ್ನಿ, ಒಪ್ಕೋತೀನಿ! ಆದರೆ ದೊರೆಯನ್ನ ಸುಡೋ ಕೈ ನನ್ನದಲ್ಲ! ಆ ಗಾಯ ವಾಸಿಯಾದರೂ ಇನ್ನು ಅದರಿಂದ ಒಂದು ಹನಿ ವೀರ್ಯ ಸಿಗುತ್ತೋ ಇಲ್ಲವೋ! ನನ್ನ ಕೇಂದ್ರದ ಹೆಸರು ಉಳಿಸ್ಕೊಳ್ಳೋನು ನಾನು ನನ್ನ ಹೋರಿಯನ್ನೇ ಹಾಳು ಮಾಡ್ತೀನಾ? ಸ್ವಲ್ಪ ತಲೆ ಓಡಿಸಿ!"

ಆ ಮಾತು ಇನ್ಸ್‌ಪೆಕ್ಟರಮ್ಮನಿಗೆ ನಾಟಿತು. ಈ ಮನುಷ್ಯನ ಮೇಲೆ ಅವಳಿಗೆ ಬಂದಿದ್ದ ಸಿಟ್ಟು ಕಡಿಮೆಯಾಗಲಿಲ್ಲ. ಆದರೆ ಸಿಟ್ಟು ಬೇರೆ, ಸಾಕ್ಷಿ ಬೇರೆ.

ಅಷ್ಟರಲ್ಲಿ ಯಾರೋ ಅವಳ ತೋಳು ಮುಟ್ಟಿದರು. ಮಗಳು.

"ಮೇಡಂ, ನಿಮ್ಮ ಹತ್ರ ಒಂದು ಮಾತು..."

"ನಿನ್ನದೇನೇ ಮಾತು?" ತಾಯಿ ಅತ್ತಲಿಂದಲೇ ಗುಡುಗಿದಳು. "ಅಪ್ಪ ಸತ್ತಾಗ ಬಾಯಿ ಬಿಡದವಳು! ಹೋಗು, ಹೋಗಿ ನಿನ್ನ ಡಬ್ಬಿ ಕಾಯಿ. ಮುಖ ತೋರಿಸಬೇಡ ನನಗೆ!"

ಮಗಳು ಇಕ್ಕುಳ ಎತ್ತಿಕೊಂಡು ಹೊರಟುಹೋದಳು.

"ಆಮೇಲೆ ನಾನೇ ಬರ್ತೀನಮ್ಮ," ಇನ್ಸ್‌ಪೆಕ್ಟರಮ್ಮ ಅವಳ ಬೆನ್ನಿಗೆ ಹೇಳಿದಳು. ಅವಳ ತಲೆಯಲ್ಲಿ ಆಗ ಕೊಳವೆಯೇ ತುಂಬಿತ್ತು. "ಡಾಕ್ಟ್ರೇ, ಈ ಕೊಳವೆಗೆ ನೀರು ತುಂಬೋದು ಯಾರು?"

* * *

ಅದು ಸತ್ತವನ ತಮ್ಮ. ಲ್ಯಾಬಿನ ಪಕ್ಕದ ತೊಳೆಯುವ ಕೋಣೆಯಲ್ಲಿ, ಮೊಣಕೈವರೆಗೆ ಸೋಪಿನ ನೊರೆಯಲ್ಲಿ ಕೈ ಅದ್ದಿಕೊಂಡು ನಿಂತಿದ್ದ. ಎತ್ತರದ ಆಳು, ಅಣ್ಣನದೇ ಪಡಿಯಚ್ಚು. ಹಿಂದೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಮರಳುತ್ತಿತ್ತು.

ಎಲ್ಲರೂ ಒಳಗೆ ಬಂದದ್ದನ್ನು ನೋಡಿಯೂ ಅವನು ಬ್ರಷ್ಷು ಬಿಡಲಿಲ್ಲ.

"ಅವತ್ತು ಕೊಳವೆ ತುಂಬಿದ್ದು ನೀನೇ?"

"ದಿನಾ ನಾನೇ."

"ಕುದಿಯೋ ನೀರು?"

"ಕುದಿಯೋದಕ್ಕೆ ತಣ್ಣೀರು ಬೆರೆಸಿ, ಥರ್ಮಾಮೀಟರ್ ಇಟ್ಟು, ಸರಿ ಬಂದ ಮೇಲೆ ತುಂಬಿದೆ. ಬೆಚ್ಚನೆ ಕಪಾಟಿನಲ್ಲಿ ಇಟ್ಟೆ. ಆಮೇಲೆ ಹುಲ್ಲಿನ ಲಾರಿ ಬಂತು ಅಂತ ಇಳಿಸೋಕೆ ಹೋದೆ. ಕಪಾಟಿಗೆ ಬೀಗ ಇಲ್ಲ. ಯಾರು ಬೇಕಾದ್ರೂ ಸುರಿದು ಬೇರೆ ನೀರು ತುಂಬಬಹುದು."

"ಅಣ್ಣನಿಗೆ ಗೊತ್ತಾಗಲಿಲ್ವಾ? ಕೈಯಲ್ಲಿ ಹಿಡಿದಿದ್ದನಲ್ಲ."

"ಗಟ್ಟಿ ರಬ್ಬರು, ಬೇಗ ಹೊರಗೆ ತಿಳಿಯಲ್ಲ. ಅದರ ಮೇಲೆ ಹಗ್ಗ ಹಿಡಿಯೋ ಚರ್ಮದ ಗವಸು ಬೇರೆ. ಚೀಲ ಒಡೆದ ಮೇಲೆ ನೀರು ಆ ಗವಸಿನೊಳಗೂ ಇಳಿದಿರಬೇಕು."

"ನನಗೆ ತಿಳೀತಿತ್ತು," ಕೊಳವೆಯಕ್ಕ ಅಂದಳು. "ನಾನು ಪ್ರತಿ ಸಲ ಒಳಗೆ ಬೆರಳಿಟ್ಟು ನೋಡ್ತೀನಿ. ಅವರಿಗೆ ಆ ಅಭ್ಯಾಸ ಇಲ್ಲ. ಅದು ಅವರ ಕೆಲಸ ಅಲ್ಲವೇ ಅಲ್ಲ."

ಇನ್ಸ್‌ಪೆಕ್ಟರಮ್ಮ ಸರಕ್ಕನೆ ಅವಳತ್ತ ತಿರುಗಿದಳು.

"ಮತ್ತೆ ಅವತ್ತು ನೀವು ಯಾಕೆ ಬರಲಿಲ್ಲ?"

ಕೊಳವೆಯಕ್ಕ ತಲೆ ತಗ್ಗಿಸಿದಳು. ಇಷ್ಟು ಹೊತ್ತು ಉರಿಯುತ್ತಿದ್ದ ಮುಖದ ಮೇಲೆ ಬೇರೆಯದೇ ಸಂಕಟ ಬಂತು. "ಅವರೇ ಬರಬೇಡ ಅಂದ್ರು. ಕಾರಣ ಕೇಳಿದೆ, ಹೇಳಲಿಲ್ಲ. 'ಒಂದು ದಿನ ಮನೆಯಲ್ಲಿ ಬಿದ್ದಿದ್ರೆ ನಿನ್ನ ಗಂಟೇನು ಹೋಗುತ್ತೆ?' ಅಂದ್ರು. ನನಗೆ ರೇಗಿಹೋಯ್ತು. 'ಹೋಗು, ನಿನ್ನ ಹೋರಿ ಜೊತೆಗೇ ಸಾಯಿ' ಅಂದೆ." ಅವಳು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. "ಅದೇ ಕೊನೇ ಮಾತು ಮೇಡಂ. ಈ ಹಾಳು ಬಾಯಿಂದ."

 ಒಲೆಯ ಮೇಲೆ ನೀರು ಕೊತಕೊತ ಅನ್ನುತ್ತಿತ್ತು. ಆಗ ಇನ್ಸ್‌ಪೆಕ್ಟರಮ್ಮನ ಕಣ್ಣಿಗೆ ಸತ್ತವನ ತಮ್ಮನ ಕೈ ಬಿತ್ತು. ಬ್ರಷ್ಷು ನಿಂತಿತ್ತು. ಬೆರಳುಗಳು ತೊಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು.

"ನಿನಗೇನೋ ಗೊತ್ತಿದೆ."

"ಇಲ್ಲ."

"ನಿನ್ನ ಅಣ್ಣ ಕಣೋ ಸತ್ತಿರೋದು!"

"ನನಗೆ ಗೊತ್ತು ಯಾರು ಸತ್ತಿರೋದು ಅಂತ!" ಅವನು ತಟ್ಟನೆ ತಿರುಗಿ ಅರಚಿದ. ನೊರೆ ಎಲ್ಲರ ಮೈಮೇಲೂ ಸಿಡಿಯಿತು. "ನಾನೇ ಸಾಯಿಸಿದ್ದು ಅಂದುಕೊಳ್ಳಿ! ಅತ್ತಿಗೇನ ಕಳಿಸಬೇಡ ಅಂತ ಅಣ್ಣನಿಗೆ ಹೇಳಿದ್ದು ನಾನೇ!"

ಕೊಳವೆಯಕ್ಕ ಹೋಗಿ ಅವನ ಅಂಗಿಯ ಕಾಲರು ಹಿಡಿದಳು. ಅವಳ ತಲೆ ಅವನ ಎದೆಯವರೆಗೂ ಬರುತ್ತಿರಲಿಲ್ಲ. ಆದರೂ ಅವನು ಬಗ್ಗಿದ.

"ಯಾಕೋ? ಯಾಕೋ ಹೇಳ್ದೆ? ಕೈತುತ್ತು ಹಾಕಿ ಬೆಳೆಸಿದೆನಲ್ಲೋ ನಿನ್ನ!"

"ಅವತ್ತು ಕೊಳವೆ ಹಿಡಿದೋರಿಗೆ ಉಳಿಗಾಲ ಇಲ್ಲ, ನೀವು ಹಿಡೀಬಾರ್ದು ಅಂತ ನನಗೆ ಮಾತು ಬಂತು ಅತ್ತಿಗೆ. ಏನು, ಎತ್ತ, ಏನೂ ಗೊತ್ತಿಲ್ಲ. ಅಣ್ಣನಿಗೆ ಹೇಳ್ದೆ. 'ಅವಳಿಗೆ ಹೇಳಿದ್ರೆ ಊರು ಕೇರಿ ಒಂದು ಮಾಡ್ತಾಳೆ. ಅವಳು ಮನೆಯಲ್ಲಿರಲಿ, ನಾನು ಹಿಡೀತೀನಿ. ನನ್ನ ದೊರೆ ನನಗೇನೂ ಮಾಡಲ್ಲ' ಅಂದ."

ಕಾಲರು ಹಿಡಿದ ಕೈ ಸಡಿಲವಾಯಿತು. ಕೊಳವೆಯಕ್ಕ ಗೋಡೆಗೆ ಒರಗಿ ನಿಧಾನಕ್ಕೆ ನೆಲಕ್ಕೆ ಕುಸಿದಳು. ಆ ದಿನ ತನ್ನನ್ನು ಬೈದು ಮನೆಯಲ್ಲಿ ಕೂರಿಸಿ ಹೋದ ಗಂಡ, ಅವಳ ಪಾಲಿನ ಸಾವನ್ನು ತಾನು ಹೊತ್ತುಕೊಂಡು ಹೋಗಿದ್ದ.

ಇನ್ಸ್‌ಪೆಕ್ಟರಮ್ಮನ ಮನಸ್ಸು ಮಾತ್ರ ಓಡುತ್ತಿತ್ತು. ಕೊಳವೆಯಕ್ಕ ಹಿಡಿದಿದ್ದರೆ ಒಳಗೆ ಬೆರಳಿಟ್ಟ ಕೂಡಲೇ ಗೊತ್ತಾಗುತ್ತಿತ್ತು. ಕೊಳವೆಯನ್ನು ಎಸೆದು ರಂಪ ಮಾಡುತ್ತಿದ್ದಳು, ಅಷ್ಟೇ. ಹಾಗಾದರೆ ಕುದಿಯುವ ನೀರು ತುಂಬಿದವರಿಗೆ ಅವಳು ಬೇಕಾಗಿರಲಿಲ್ಲ. ಹೆಂಡತಿಗೆ ಅಪಾಯ ಅಂದರೆ ಗಂಡ ತಾನೇ ಕೊಳವೆಗೆ ಕೈ ಹಾಕುತ್ತಾನೆ ಎಂದು ತಿಳಿದಿದ್ದವರು ಆ ಮಾತನ್ನು ತೇಲಿಬಿಟ್ಟಿದ್ದರು. ಅದು ಎಚ್ಚರಿಕೆಯಲ್ಲ, ಗಾಳ.

"ನಿನಗೆ ಆ ಮಾತು ತಂದವರು ಯಾರು?"

ಅವನು ಅತ್ತಿಗೆಯ ಕಡೆ ನೋಡಿದ. "ಬೇಡ ಮೇಡಂ."

"ಹೇಳು!"

"ನಿಮ್ಮ ಮಗಳು, ಅತ್ತಿಗೆ. 'ಚಿಕ್ಕಪ್ಪಾ, ನಾಳೆ ಅಮ್ಮ ಕೊಳವೆ ಹಿಡಿಯೋದು ಬೇಡ' ಅಂತ ಅತ್ಕೊಂಡು ಬಂದಳು. ಯಾರು ಹೇಳಿದ್ದು ಅಂದ್ರೆ ಬಾಯಿ ಬಿಡಲಿಲ್ಲ. ಅವಳ ಹೆಸರು ಎತ್ತಿದ್ರೆ ಪೊಲೀಸರು ಅವಳನ್ನೇ ಹಿಡ್ಕೊಂಡು ಹೋಗ್ತಾರೆ ಅಂತ ನಾನೂ ಬಾಯಿ ಬಿಡಲಿಲ್ಲ."

ಇನ್ಸ್‌ಪೆಕ್ಟರಮ್ಮ ಆಗಲೇ ಬಾಗಿಲು ದಾಟಿದ್ದಳು. ಅವಳ ತೋಳು ಮುಟ್ಟಿದ್ದ ಆ ಬೆರಳುಗಳು, ನಿಮ್ಮ ಹತ್ರ ಒಂದು ಮಾತು ಎಂದ ಆ ದನಿ. ಯಾಕೆ ಕೇಳಲಿಲ್ಲ? ತನ್ನ ಮೇಲೇ ಅವಳಿಗೆ ಕೆಟ್ಟ ಸಿಟ್ಟು ಬಂತು.

ನೈಟ್ರೋಜನ್ ಕೋಣೆ ಓಣಿಯ ತುದಿಯಲ್ಲಿತ್ತು. ಬಾಗಿಲ ಅಡಿಯಿಂದ ಬೆಳ್ಳಗಿನ ಮಂಜು ನೆಲಕ್ಕಂಟಿಕೊಂಡು ಹೊರಗೆ ಹರಿಯುತ್ತಿತ್ತು.

ಹಿಂದೆ ಓಡಿಬಂದ ದೊಡ್ಡ ಡಾಕ್ಟರು ಅದನ್ನು ನೋಡಿ ಕಿರುಚಿದರು. "ನೈಟ್ರೋಜನ್ ಚೆಲ್ಲಿದೆ! ಒಳಗೆ ಉಸಿರಾಡೋಕೆ ಗಾಳಿನೇ ಇರಲ್ಲ! ಫ್ಯಾನು... ಫ್ಯಾನು ಯಾರು ಆರಿಸಿದ್ದು?"

ಬಾಗಿಲ ಪಕ್ಕದ ಸ್ವಿಚ್ಚನ್ನು ಅವರು ಒತ್ತಿದರು. ಇನ್ಸ್‌ಪೆಕ್ಟರಮ್ಮ ಚಿಲಕ ಎಳೆದಳು. ಬಾಗಿಲು ತೆರೆಯಿತು. ಮಂಜು ಮೊಣಕಾಲವರೆಗೂ ನುಗ್ಗಿ ಬಂತು. ದೊಡ್ಡ ಡಬ್ಬಿಯೊಂದು ಅಡ್ಡಬಿದ್ದಿತ್ತು. ನಳಿಕೆಗಳು ನೆಲದ ತುಂಬ ಚೆಲ್ಲಾಪಿಲ್ಲಿ. ಆ ಬಿಳುಪಿನೊಳಗೆ, ಗವಸು ತೊಟ್ಟ ಒಂದು ಕೈ.

"ಯಾರೂ ಒಳಗೆ ಬರಬೇಡಿ!" ಡಾಕ್ಟರು ಎದೆತುಂಬ ಉಸಿರು ಎಳೆದುಕೊಂಡು, ಬಾಯಿ ಬಿಗಿಹಿಡಿದು ತಾವೇ ನುಗ್ಗಿದರು. ಹುಡುಗಿಯ ಕಂಕುಳಿಗೆ ಕೈಹಾಕಿ ದರದರ ಎಳೆದುಕೊಂಡು ಬಂದು ಓಣಿಯಲ್ಲಿ ಮಲಗಿಸಿದರು. ಮಂಡಿಯೂರಿ ಅವಳ ಮೂಗಿನ ಹತ್ತಿರ ಕೆನ್ನೆ ಇಟ್ಟರು. ತಾವೇ ಕೆಮ್ಮುತ್ತ ಅಂದರು, "ಇದೆ. ಉಸಿರು ಇದೆ. ಹೊರಗೆ ಗಾಳಿಗೆ ಎತ್ತಿಕೊಂಡು ಹೋಗಿ, ಬೇಗ!"

ಚಿಕ್ಕಪ್ಪ ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಓಡಿದ. ಹಿಂದೆಯೇ ತಾಯಿ, "ಮುಖ ತೋರಿಸಬೇಡ ಅಂದೆನಲ್ಲೇ, ನನ್ನ ಕಂದಾ, ನಾನೇ ಅಂದೆನಲ್ಲೇ" ಎಂದು ಎದೆ ಬಡಿದುಕೊಳ್ಳುತ್ತ.

ಇನ್ಸ್‌ಪೆಕ್ಟರಮ್ಮ ಮಾತ್ರ ಅಲ್ಲೇ ನಿಂತಳು. ಅವಳ ಬಲಗೈ ಇನ್ನೂ ಬಾಗಿಲ ಚಿಲಕದ ಮೇಲಿತ್ತು.

ಹೊರಗಿನ ಚಿಲಕ.

ಒಳಗಿದ್ದವಳು ಅದನ್ನು ಹಾಕಿಕೊಳ್ಳುವುದು ಸಾಧ್ಯವಿರಲಿಲ್ಲ. ದೊಡ್ಡ ಡಾಕ್ಟರು ಇಷ್ಟು ಹೊತ್ತೂ ಅವಳ ಕಣ್ಣೆದುರೇ ಇದ್ದರು. ಸತ್ತವನ ತಮ್ಮ ತೊಟ್ಟಿಯ ಮುಂದೆ ನಿಂತಿದ್ದ. ಹುಡುಗಿ ಲ್ಯಾಬಿನಿಂದ ಹೊರಟ ಮೇಲೆ ಅವರಿಬ್ಬರಲ್ಲಿ ಯಾರೂ ಈ ಓಣಿಗೆ ಕಾಲಿಟ್ಟಿರಲಿಲ್ಲ. ಅವಳು ಸಂಶಯಪಟ್ಟ ಎರಡೂ ಕೈಗಳು ಇದನ್ನು ಮಾಡಿರಲಿಲ್ಲ.

"ಗೇಟು ಹಾಕ್ಸು," ಅವಳು ಪೇದೆಗೆ ಹೇಳಿದಳು. ಕೂಗಲಿಲ್ಲ. ಆ ಮೆಲುದನಿಗೇ ಪೇದೆ ಬೆಚ್ಚಿದ. "ಒಂದು ನೊಣವೂ ಹೊರಗೆ ಹೋಗಬಾರದು. ಆ ಮಾತು ಹೇಳಿದ್ದು ಯಾರು ಅಂತ ಹುಡುಗಿ ಬಾಯಿ ಬಿಡಬಾರದು ಅಂತಲೇ ಈ ಚಿಲಕ ಹಾಕಿದ್ದಾನೆ. ನಾವು ಈ ಗೋಡೆಯ ಆಚೆ ಕೂಗಾಡ್ತಾ ಇದ್ದಾಗ, ಕೊಂದವನು ಇಲ್ಲೇ ನಿಂತು ಎಲ್ಲ ಕೇಳಿಸಿಕೊಳ್ತಿದ್ದ."